ಬೇಸಿಗೆಯಲ್ಲಿ ಟಿಸಿ ಸುಡುವುದು ಬಿಸಿಲಿಗೋ, ಲೋಡಿಗೋ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರ ಹೊಲಗಳ ಪಂಪ್‌ಸೆಟ್‌ಗಳಿಗೆ ಕರೆಂಟ್ ಕೊಡುವ 63 ಕೆವಿಎ ಟಿಸಿ (ವಿತರಣಾ ಟ್ರಾನ್ಸ್‌ಫಾರ್ಮರ್) ಬೇಸಿಗೆ ಬಂತೆಂದರೆ ಸುಟ್ಟುಹೋಗುತ್ತದೆ. ಬಿಸಿಲಿನ ಝಳಕ್ಕೆ ಹೀಗಾಗುತ್ತದೆ ಎಂದು ಊರವರು ಹೇಳುತ್ತಾರೆ, ಓವರ್‌ಲೋಡ್ ಎಂದು ಲೈನ್‌ಮನ್ ಹೇಳುತ್ತಾರೆ. ಟಿಸಿಯ ತಾಪಮಾನ ಮತ್ತು ಹೊರಗಿನ ತಾಪಮಾನ ಎರಡನ್ನೂ ಅಳೆದು ಇದನ್ನೇ ಪ್ರಾಜೆಕ್ಟ್ ಆಗಿ ಮಾಡಬೇಕೆಂದಿದ್ದೇನೆ. ಹೇಗೆ ಅಳೆಯಬೇಕು, ಏನನ್ನು ನೋಡಬೇಕು? ಭೂಮಿಯೇ ಬಿಸಿಯಾಗುತ್ತಿದೆ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಸರ್?

ಉತ್ತರ: ನಿಮ್ಮ ಊರವರ ಮಾತಿನಲ್ಲೂ ಲೈನ್‌ಮನ್ ಮಾತಿನಲ್ಲೂ ಸತ್ಯವಿದೆ. ಯಾರ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಅಳತೆಯಿಂದ ಬಿಡಿಸಿ ತೋರಿಸಲು ಸಾಧ್ಯವಿದೆ, ಮತ್ತು ಒಂದು ಡಿಪ್ಲೊಮಾ ಪ್ರಾಜೆಕ್ಟ್‌ಗೆ ಇದಕ್ಕಿಂತ ಉಪಯುಕ್ತವಾದ ವಿಷಯ ನನಗೆ ತೋಚುವುದಿಲ್ಲ. ಮೊದಲು ಮನಸ್ಸಿನಲ್ಲಿ ಸ್ಪಷ್ಟ ಮಾಡಿಕೊಳ್ಳಬೇಕಾದದ್ದು ತಾಪಮಾನ ಮತ್ತು ತಾಪಮಾನದ ಏರಿಕೆ ಎಂಬ ಎರಡರ ಭೇದ. ಟಿಸಿಯ ಎಣ್ಣೆ 85 ಡಿಗ್ರಿ ಸೆಲ್ಸಿಯಸ್ ಇದೆ ಎಂದರೆ ಅದು ತಾಪಮಾನ. ಆ ಹೊತ್ತಿನಲ್ಲಿ ಸುತ್ತಲಿನ ಗಾಳಿ 42 ಡಿಗ್ರಿ ಇದ್ದರೆ ಏರಿಕೆ 43 ಡಿಗ್ರಿ. ಏರಿಕೆಯನ್ನು ಹುಟ್ಟಿಸುವುದು ಉಪಕರಣದ ಒಳಗಿನ ವಿದ್ಯುತ್ ನಷ್ಟ. ಆ ಏರಿಕೆ ಯಾವ ಮಟ್ಟದಿಂದ ಆರಂಭವಾಗಬೇಕು ಎಂಬುದನ್ನು ನಿರ್ಧರಿಸುವುದು ಪ್ರಕೃತಿ. ತಯಾರಕರು ಭರವಸೆ ಕೊಡುವುದು ಏರಿಕೆಗೆ ಮಾತ್ರ, ಏಕೆಂದರೆ ಟಿಸಿ ರಾಯಚೂರಿನ ಹೊಲಕ್ಕೆ ಹೋಗುತ್ತದೆಯೋ ಮಡಿಕೇರಿಯ ಗುಡ್ಡಕ್ಕೆ ಹೋಗುತ್ತದೆಯೋ ಕಾರ್ಖಾನೆಗೆ ತಿಳಿದಿರುವುದಿಲ್ಲ.

ಅಂತರರಾಷ್ಟ್ರೀಯ ಮಾನಕವಾದ ಐಇಸಿ 60076ರ ಎರಡನೇ ಭಾಗದಲ್ಲಿ ಮೇಲ್ಮಟ್ಟದ ಎಣ್ಣೆಗೆ 60 ಡಿಗ್ರಿ, ವೈಂಡಿಂಗ್‌ನ (ಒಳಗಿನ ತಂತಿ ಸುರುಳಿಯ) ಸರಾಸರಿಗೆ 65 ಡಿಗ್ರಿ ಏರಿಕೆಯ ಮಿತಿಯಿದೆ. ಆ ಮಿತಿಯ ಹಿಂದೆ ಹೊರಗಿನ ಗಾಳಿ 40 ಡಿಗ್ರಿ ದಾಟುವುದಿಲ್ಲ, ವರ್ಷದ ಸರಾಸರಿ 20 ಡಿಗ್ರಿಗಿಂತ ಹೆಚ್ಚಿರುವುದಿಲ್ಲ ಎಂಬ ಊಹೆ ಇದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವುದು ಅಪರೂಪವೇ ಅಲ್ಲದ ನಿಮ್ಮ ಸೀಮೆಗೆ ಆ ಊಹೆ ಹೊಂದುವುದಿಲ್ಲ. ಆದ್ದರಿಂದಲೇ ನಮ್ಮ ದೇಶದ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ಮಾನಕವಾದ ಐಎಸ್ 1180 ಇನ್ನೂ ಬಿಸಿಯಾದ ವಾತಾವರಣವನ್ನು ಆಧಾರವಾಗಿಟ್ಟುಕೊಂಡು ಏರಿಕೆಯ ಮಿತಿಯನ್ನು ಬಿಗಿಗೊಳಿಸಿದೆ. ನಿಮ್ಮ ಟಿಸಿಗೆ ಎಷ್ಟು ಏರಿಕೆ ಒಪ್ಪಿತವಾಗಿದೆ ಎಂಬುದನ್ನು ಅದರ ನೇಮ್‌ಪ್ಲೇಟ್‌ನಲ್ಲಿಯೇ ನೋಡಿ ಬರೆದುಕೊಳ್ಳಿ. ಮುಂದಿನ ಲೆಕ್ಕಕ್ಕೆಲ್ಲ ಅದೇ ಬುನಾದಿ.

ಟಿಸಿಯ ಒಳಗೆ ಬಿಸಿಗೆ ಮೊದಲು ಸೋಲುವುದು ತಾಮ್ರವೂ ಅಲ್ಲ, ಕಬ್ಬಿಣವೂ ಅಲ್ಲ. ತಂತಿಗೆ ಸುತ್ತಿರುವ ಕ್ರಾಫ್ಟ್ ಕಾಗದ. ಕಾಗದದ ಸೆಲ್ಯುಲೋಸ್ ಎಳೆಗಳು ಬಿಸಿಯಲ್ಲಿ ತುಂಡಾಗುತ್ತ ಹೋಗುತ್ತವೆ, ಎಣ್ಣೆಯನ್ನು ಬದಲಿಸಬಹುದಾದರೂ ಆ ಎಳೆಗಳನ್ನು ಮತ್ತೆ ಜೋಡಿಸಲಾಗುವುದಿಲ್ಲ. ತಾಪಮಾನ ಎಂಟು ಡಿಗ್ರಿ ಏರಿದರೆ ನಿರೋಧಕದ ಆಯುಷ್ಯ ಅರ್ಧವಾಗುತ್ತದೆ ಎಂಬ ನಿಯಮವನ್ನು ಮಾಂಟ್‌ಸಿಂಗರ್ ಎಂಬ ಎಂಜಿನಿಯರ್ 1930ರಲ್ಲಿ ಮುಂದಿಟ್ಟರು. 1948ರಲ್ಲಿ ಡೇಕಿನ್ ಅದನ್ನು ರಾಸಾಯನಿಕ ಕ್ರಿಯೆಯ ವೇಗದ ಸಿದ್ಧಾಂತಕ್ಕೆ ಜೋಡಿಸಿದರು. ಇಂದಿನ ಐಇಸಿ ಲೋಡಿಂಗ್ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಕಾಗದಕ್ಕೆ ವೈಂಡಿಂಗ್‌ನ ಅತಿ ಬಿಸಿಯಾದ ಬಿಂದು 98 ಡಿಗ್ರಿ ಇದ್ದಾಗ ಸವೆತದ ವೇಗ ಒಂದು, ಅಂದರೆ ಸಾಮಾನ್ಯ. ಅಲ್ಲಿಂದ ಪ್ರತಿ 6 ಡಿಗ್ರಿ ಏರಿಕೆಗೂ ಸವೆತ ದುಪ್ಪಟ್ಟಾಗುತ್ತದೆ, 6 ಡಿಗ್ರಿ ಇಳಿದರೆ ಅರ್ಧವಾಗುತ್ತದೆ. ಸುಮಾರು 80ರಿಂದ 140 ಡಿಗ್ರಿಯವರೆಗೆ ಈ ನಿಯಮವನ್ನು ಬಳಸಬಹುದು.

ಈಗ ನಿಮ್ಮ ಟಿಸಿಯ ಲೆಕ್ಕ ಹಾಕೋಣ. 433 ವೋಲ್ಟ್‌ನಲ್ಲಿ 63 ಕೆವಿಎ ಎಂದರೆ ಪ್ರತಿ ಫೇಸ್‌ಗೆ 84 ಆಂಪಿಯರ್. 5 ಎಚ್‌ಪಿ ಪಂಪ್ ಒಂದು ಏಳೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ. ಹದಿನಾರು ಪಂಪ್‌ಗಳು ಒಟ್ಟಿಗೆ ಓಡಿದರೆ ಸುಮಾರು 120 ಆಂಪಿಯರ್, ಅಂದರೆ ಟಿಸಿಯ ಸಾಮರ್ಥ್ಯದ ಸುಮಾರು 1.4 ಪಟ್ಟು. ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ಕೊಡುವುದು ದಿನಕ್ಕೆ ಏಳು ಗಂಟೆ ಮಾತ್ರ. ಆಟೋ ಸ್ಟಾರ್ಟರ್ ಇರುವುದರಿಂದ ಕರೆಂಟ್ ಬಂದ ಕ್ಷಣವೇ ಎಲ್ಲ ಪಂಪ್‌ಗಳೂ ಒಟ್ಟಿಗೆ ಎದ್ದುಕೊಳ್ಳುತ್ತವೆ. ಏಳು ಗಂಟೆ ಕಡಿಮೆ ಅವಧಿ, ಅಷ್ಟರಲ್ಲಿ ಟಿಸಿ ಪೂರ್ತಿ ಬಿಸಿಯಾಗುವುದಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಈ ಗಾತ್ರದ ಟಿಸಿಗಳ ಎಣ್ಣೆಯ ಕಾಲ ಸ್ಥಿರಾಂಕ, ಅಂದರೆ ಅಂತಿಮ ಮಟ್ಟದ ಕಡೆಗೆ ಶೇ 63ರಷ್ಟು ದಾರಿ ಸಾಗಲು ಹಿಡಿಯುವ ಹೊತ್ತು, ಸುಮಾರು ಮೂರು ಗಂಟೆ. ಆದ್ದರಿಂದ ಏಳು ಗಂಟೆಯ ಹೊತ್ತಿಗೆ ಅದು ಮುಟ್ಟಬೇಕಾದ ಅಂತಿಮ ಮಟ್ಟದ ಕಡೆಗೆ ಶೇ 90ರಷ್ಟು ದಾರಿ ಸಾಗಿಬಿಟ್ಟಿರುತ್ತದೆ.

ಪೂರ್ಣ ಲೋಡಿನಲ್ಲಿ ಎಣ್ಣೆಯ ಏರಿಕೆ 40 ಡಿಗ್ರಿ, ಎಣ್ಣೆಗಿಂತ ವೈಂಡಿಂಗ್‌ನ ಅತಿ ಬಿಸಿ ಬಿಂದು 15 ಡಿಗ್ರಿ ಮೇಲೆ, ತಾಮ್ರದ ನಷ್ಟ (ಲೋಡಿನ ಕರೆಂಟಿನಿಂದ ವೈಂಡಿಂಗ್‌ನಲ್ಲಾಗುವುದು) ಕಬ್ಬಿಣದ ನಷ್ಟದ (ಲೋಡಿಲ್ಲದಿದ್ದರೂ ಕಬ್ಬಿಣದ ತಿರುಳಿನಲ್ಲಾಗುವುದು) ಐದು ಪಟ್ಟು ಎಂದು ಇಟ್ಟುಕೊಳ್ಳಿ. ಇವು ನನ್ನ ಉದಾಹರಣೆಯ ಅಂಕಿಗಳು; ನಿಮ್ಮ ಟಿಸಿಯ ಅಂಕಿಗಳನ್ನು ಇಲ್ಲಿ ತುಂಬಿ ಮತ್ತೆ ಲೆಕ್ಕ ಮಾಡಬೇಕು. ಲೋಡಿಂಗ್ ಮಾರ್ಗಸೂಚಿಯ ಸೂತ್ರದಂತೆ ಒಟ್ಟು ನಷ್ಟದ ಅನುಪಾತವನ್ನು 0.8ರ ಘಾತಕ್ಕೆ ಏರಿಸಿ 40ರಿಂದ ಗುಣಿಸಿದರೆ ಎಣ್ಣೆಯ ಏರಿಕೆ, ಲೋಡಿನ ಅನುಪಾತವನ್ನು 1.6ರ ಘಾತಕ್ಕೆ ಏರಿಸಿ 15ರಿಂದ ಗುಣಿಸಿದರೆ ವೈಂಡಿಂಗ್‌ನ ಅಂತರ ಸಿಗುತ್ತದೆ. 1.4 ಪಟ್ಟು ಲೋಡಿಗೆ ಎಣ್ಣೆಯ ಅಂತಿಮ ಏರಿಕೆ 64 ಡಿಗ್ರಿ, ಏಳನೇ ಗಂಟೆಯ ಕೊನೆಗೆ ಸುಮಾರು 59. ವೈಂಡಿಂಗ್‌ನ ಅಂತರ ಸುಮಾರು 26. ಗಾಳಿ 42 ಡಿಗ್ರಿ ಇರುವ ದಿನ ಅತಿ ಬಿಸಿ ಬಿಂದು 126 ಡಿಗ್ರಿ ದಾಟುತ್ತದೆ, ಆ ಹೊತ್ತಿನಲ್ಲಿ ಕಾಗದದ ಸವೆತ ಸಾಮಾನ್ಯದ 25 ಪಟ್ಟು. ಇದೇ ಲೋಡು ಗಾಳಿ 30 ಡಿಗ್ರಿ ಇರುವ ದಿನ ಬಿದ್ದರೆ ಬಿಂದು 114ಕ್ಕೆ ನಿಲ್ಲುತ್ತದೆ, ಸವೆತ ಸುಮಾರು 6 ಪಟ್ಟು. ಇನ್ನು 42 ಡಿಗ್ರಿ ಬಿಸಿಲಿನ ದಿನವೇ ಲೋಡು ಸಾಮರ್ಥ್ಯದ ಒಳಗೆ, ಸರಿಯಾಗಿ 84 ಆಂಪಿಯರ್ ಇದ್ದಿದ್ದರೆ ಬಿಂದು ಸುಮಾರು 94 ಡಿಗ್ರಿ. ಸವೆತ ಒಂದಕ್ಕಿಂತಲೂ ಕಡಿಮೆ.

ಈ ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮೂರ ವಾದಕ್ಕೆ ಉತ್ತರದ ದಿಕ್ಕು ಕಾಣುತ್ತದೆ. ಹನ್ನೆರಡು ಡಿಗ್ರಿ ಬಿಸಿಲು ಸವೆತವನ್ನು ನಾಲ್ಕು ಪಟ್ಟು ಮಾಡಿತು. ನೂರಕ್ಕೆ ನಲವತ್ತರಷ್ಟು ಹೆಚ್ಚುವರಿ ಲೋಡು ಅದನ್ನು ಸುಮಾರು ನಲವತ್ತು ಪಟ್ಟು ಮಾಡಿತು. ಬಿಸಿಲಿನ ಪಾಲು ತಾಪಮಾನಕ್ಕೆ ನೇರವಾಗಿ ಕೂಡಿಕೊಳ್ಳುತ್ತದೆ. ಲೋಡಿನ ಪಾಲಿನ ಹಿಂದಿರುವ ತಾಮ್ರದ ನಷ್ಟ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಎರಡೂ ಒಂದೇ ಹೊತ್ತಿಗೆ ಬರುತ್ತವೆ, ಏಕೆಂದರೆ ಬೆಳೆಗೆ ನೀರು ಬೇಕಾಗುವುದೂ ಆಗಲೇ. ಹಾಗಾಗಿ ಬರಿಗಣ್ಣಿಗೆ ಕಾಣುವ ಬಿಸಿಲು ಎಲ್ಲ ದೋಷವನ್ನೂ ಹೊರುತ್ತದೆ, ಕಣ್ಣಿಗೆ ಕಾಣದ ಕರೆಂಟು ಪಾರಾಗುತ್ತದೆ. ನಿಮ್ಮ ಅಧ್ಯಯನದ ಮುಖ್ಯ ಕೆಲಸ ಈ ಎರಡನ್ನು ಬೇರೆ ಬೇರೆಯಾಗಿ ಹಿಡಿಯುವುದು ಎಂದು ನಾನು ಖಚಿತವಾಗಿ ನಂಬುತ್ತೇನೆ.

ಹೊರಗಿನ ತಾಪಮಾನವನ್ನು ಅಳೆಯುವುದು ಸುಲಭವೆಂದು ತೋರುತ್ತದೆ, ಆದರೆ ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲಿಯೇ. ಹವಾಮಾನ ಇಲಾಖೆ ಪ್ರಕಟಿಸುವ ತಾಪಮಾನ ನೆರಳಿನದು; ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಸ್ಟೀವನ್‌ಸನ್ ಪೆಟ್ಟಿಗೆಯೊಳಗೆ, ನೆಲದಿಂದ ಮನುಷ್ಯನ ಎದೆಮಟ್ಟದ ಎತ್ತರದಲ್ಲಿ ಅಳೆದದ್ದು. ಬಿಸಿಲಿಗೆ ನೇರವಾಗಿ ಒಡ್ಡಿದ ಥರ್ಮಾಮೀಟರ್ ಗಾಳಿಯ ತಾಪಮಾನವನ್ನು ಹೇಳುವುದಿಲ್ಲ, ಬಿಸಿಲು ಕುಡಿದ ತನ್ನ ಗಾಜಿನ ತಾಪಮಾನವನ್ನು ಹೇಳುತ್ತದೆ. ಅದನ್ನೇ ಹೊರಗಿನ ತಾಪಮಾನವೆಂದು ಹಿಡಿದರೆ ಟಿಸಿಯ ಏರಿಕೆ ಇರುವುದಕ್ಕಿಂತ ಕಡಿಮೆ ಎಂದು ಲೆಕ್ಕ ಬರುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಟ್ಯಾಂಕಿನಿಂದ ಸುಮಾರು ಎರಡು ಮೀಟರ್ ದೂರದಲ್ಲಿ, ಕೂಲಿಂಗ್ ಟ್ಯೂಬುಗಳ ಅರ್ಧ ಎತ್ತರದಲ್ಲಿ, ಸುತ್ತಲೂ ಹಲವು ಕಡೆ ಅಳೆದು ಸರಾಸರಿ ತೆಗೆಯುತ್ತಾರೆ. ಹೊಲದಲ್ಲಿ ನೀವು 11 ಕೆವಿ ತಂತಿಗಳಿಂದ ದೂರವಿರುವ ಬೇರೊಂದು ಗೂಟವನ್ನು ನೆಟ್ಟು, ಅದರ ಮೇಲೆ ಬಿಳಿ ಬಣ್ಣ ಬಳಿದ, ಅಡಿಯಿಂದಲೂ ಬದಿಗಳಿಂದಲೂ ಗಾಳಿಯಾಡುವ ಪೆಟ್ಟಿಗೆಯನ್ನಿಟ್ಟು ಒಳಗೆ ಸೆನ್ಸರ್ ತೂಗಿಸಿ. ಹತ್ತಿರದ ಹವಾಮಾನ ಕೇಂದ್ರದ ದಿನದ ಗರಿಷ್ಠ ಮತ್ತು ಕನಿಷ್ಠ ಅಂಕಿಗಳೊಂದಿಗೆ ಅದನ್ನು ಹೋಲಿಸಿ ನೋಡಿ. ಪ್ರತಿದಿನ ಒಂದೇ ದಿಕ್ಕಿನಲ್ಲಿ ದೊಡ್ಡ ವ್ಯತ್ಯಾಸ ಬರುತ್ತಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿ ದೋಷವಿದೆ ಎಂದು ತಿಳಿಯಿರಿ.

ಬಿಸಿಲಿನ ನೇರ ಪೆಟ್ಟನ್ನು ಅಳೆಯುವುದು ಇನ್ನೂ ಸೂಕ್ಷ್ಮದ ಕೆಲಸ. ಬೇಸಿಗೆಯ ನಡುಮಧ್ಯಾಹ್ನ ಪ್ರತಿ ಚದರ ಮೀಟರ್‌ಗೆ ಸುಮಾರು ಸಾವಿರ ವ್ಯಾಟ್ ಬಿಸಿಲು ಬೀಳುತ್ತದೆ. ಟ್ಯಾಂಕಿನ ಮುಕ್ಕಾಲು ಚದರ ಮೀಟರ್ ಬಿಸಿಲಿಗೆ ಮುಖ ಮಾಡಿದ್ದು, ಬಣ್ಣ ಅದರಲ್ಲಿ ಶೇ 70ರಷ್ಟನ್ನು ಹೀರಿಕೊಂಡರೆ ಐನೂರು ವ್ಯಾಟ್‌ಗಿಂತ ಹೆಚ್ಚು ಶಾಖ ಒಳಗೆ ಹೋದಂತಾಯಿತು. 63 ಕೆವಿಎ ಟಿಸಿಯೊಂದರ ಪೂರ್ಣ ಲೋಡಿನ ಒಟ್ಟು ನಷ್ಟ ಸಾವಿರ ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಎಂಬುದನ್ನು ನೆನೆದರೆ ಇದು ನಿರ್ಲಕ್ಷಿಸುವ ಮೊತ್ತವಲ್ಲ, ನಿಮ್ಮ ಊರವರ ಅನುಭವವನ್ನು ನಾನು ತಳ್ಳಿಹಾಕದಿರುವುದೂ ಇದಕ್ಕಾಗಿಯೇ. ಬಣ್ಣದ ವಿಷಯದಲ್ಲಿ ಒಂದು ಮಾತು. ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಬಣ್ಣ ಬಳಿದರೆ ಟಿಸಿ ತಣ್ಣಗಿರುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಆ ಬಣ್ಣ ಬಿಸಿಲನ್ನು ಒಂದಿಷ್ಟು ಹಿಂದಕ್ಕೆ ತಳ್ಳುತ್ತದೆ ನಿಜ, ಆದರೆ ಟ್ಯಾಂಕು ತನ್ನ ಶಾಖವನ್ನು ವಿಕಿರಣದ ಮೂಲಕ ಹೊರಬಿಡುವುದನ್ನೂ ತಡೆಯುತ್ತದೆ, ಹಗಲೂ ರಾತ್ರಿಯೂ ತಡೆಯುತ್ತದೆ. ಲೋಹದ ಪುಡಿಯಿಲ್ಲದ ಬಿಳಿ ಅಥವಾ ತಿಳಿ ಬೂದು ಬಣ್ಣ ಬಿಸಿಲನ್ನು ಕಡಿಮೆ ಹೀರುತ್ತದೆ, ಒಳಗಿನ ಶಾಖವನ್ನು ಚೆನ್ನಾಗಿ ಹೊರಸೂಸುತ್ತದೆ.

ಬಿಸಿಲಿನ ಪಾಲನ್ನು ಬೇರ್ಪಡಿಸಲು ನಾನು ಸೂಚಿಸುವ ದಾರಿ ಇದು. ರಿಪೇರಿಗೆ ಕಾಯುತ್ತಿರುವ, ಎಣ್ಣೆಯಿರುವ, ಅದೇ ಗಾತ್ರದ ಹಳೆಯ ಟಿಸಿಯೊಂದನ್ನು ಕೆಲವು ವಾರಗಳ ಮಟ್ಟಿಗೆ ಪಡೆಯಲು ಸಾಧ್ಯವೇ ಎಂದು ವಿದ್ಯುತ್ ಕಂಪನಿಯ ಶಾಖಾಧಿಕಾರಿಯನ್ನು ಕೇಳಿ. ಅದನ್ನು ನಿಮ್ಮ ಟಿಸಿಯ ಸಮೀಪ ಅಷ್ಟೇ ಬಿಸಿಲು ಬೀಳುವಂತೆ, ಕರೆಂಟ್ ಕೊಡದೆ ಇಡಿ. ಈಗ ನಿಮ್ಮ ಬಳಿ ಮೂರು ತಾಪಮಾನಗಳಿವೆ: ನೆರಳಿನ ಗಾಳಿಯದು, ಕರೆಂಟಿಲ್ಲದ ಟ್ಯಾಂಕಿನದು, ಕರೆಂಟಿರುವ ಟ್ಯಾಂಕಿನದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಬಿಸಿಲಿನ ಪಾಲು. ಮೂರನೆಯದರಲ್ಲಿ ಎರಡನೆಯದನ್ನು ಕಳೆದರೆ ವಿದ್ಯುತ್ ನಷ್ಟದ ಪಾಲು. ಬಿಸಿಯಾದ ಟ್ಯಾಂಕಿನ ಸುತ್ತ ಗಾಳಿ ವೇಗವಾಗಿ ಮೇಲೇರುವುದರಿಂದ ಈ ವಿಂಗಡಣೆಯಲ್ಲಿ ಬಿಸಿಲಿನ ಪಾಲು ನಿಜಕ್ಕಿಂತ ಸ್ವಲ್ಪ ಹೆಚ್ಚಾಗಿ ಕಾಣುತ್ತದೆ. ಅದನ್ನು ವರದಿಯಲ್ಲಿ ಹೇಳಿದರೆ ಸಾಕು. ಹಳೆಯ ಟಿಸಿ ಸಿಗದಿದ್ದರೆ ಪ್ರಕೃತಿಯೇ ಒಂದು ಪ್ರಯೋಗವನ್ನು ನಡೆಸಿಕೊಡುತ್ತದೆ. ನಿಮ್ಮ ಫೀಡರ್‌ನಲ್ಲಿ ಮೂರು ಫೇಸ್ ಕೆಲವು ದಿನ ಹಗಲು ಪಾಳಿಯಲ್ಲಿ, ಕೆಲವು ದಿನ ರಾತ್ರಿ ಪಾಳಿಯಲ್ಲಿ ಬರುತ್ತಿದ್ದರೆ, ಅದೇ ಪಂಪ್‌ಗಳ ಅದೇ ಲೋಡು ಬಿಸಿಲಿದ್ದಾಗ ಮತ್ತು ಬಿಸಿಲಿಲ್ಲದಾಗ ಎಷ್ಟು ಏರಿಕೆ ತಂದಿತು ಎಂದು ಹೋಲಿಸಬಹುದು.

ಎಣ್ಣೆಯ ತಾಪಮಾನಕ್ಕೆ ಟ್ಯಾಂಕಿನ ಮುಚ್ಚಳದ ಮೇಲಿರುವ ಥರ್ಮಾಮೀಟರ್ ಪಾಕೆಟ್ (ಥರ್ಮಾಮೀಟರ್ ಇಳಿಸುವ ಸಣ್ಣ ಕುಳಿ) ಸೂಕ್ತ ಜಾಗ. ಪಾಕೆಟ್‌ನಲ್ಲಿ ಸ್ವಲ್ಪ ಎಣ್ಣೆ ಹಾಕಿ ಸೆನ್ಸರ್ ಇಳಿಸಬೇಕು, ಒಣ ಪಾಕೆಟ್‌ನಲ್ಲಿ ಗಾಳಿಯ ಪದರ ಸುಳ್ಳು ಹೇಳುತ್ತದೆ. ಪಾಕೆಟ್ ಇಲ್ಲದಿದ್ದರೆ ಎಣ್ಣೆಯ ಮೇಲ್ಮಟ್ಟಕ್ಕೆ ಸ್ವಲ್ಪ ಕೆಳಗೆ, ಬಿಸಿಲು ಬೀಳದ ಬದಿಯಲ್ಲಿ ಸೆನ್ಸರನ್ನು ಒತ್ತಿ ಅಂಟಿಸಿ ಮೇಲೆ ದಪ್ಪ ನಿರೋಧಕ ಪಟ್ಟಿ ಹಾಕಿ. ಒಳಗಿನ ಎಣ್ಣೆಗಿಂತ ಅದು ಕೆಲವು ಡಿಗ್ರಿ ಕಡಿಮೆಯೇ ತೋರಿಸುತ್ತದೆ. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ತೋರಿಸುವ ಪಿಟಿ 100 ಸೆನ್ಸರ್ ಈ ಕೆಲಸಕ್ಕೆ ಉತ್ತಮ. ಖರ್ಚು ಕಡಿಮೆ ಮಾಡಬೇಕೆಂದರೆ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಸಾಕು. 85 ಡಿಗ್ರಿಯವರೆಗೆ ಅದರ ದೋಷ ಅರ್ಧ ಡಿಗ್ರಿ, ಅದರ ಮೇಲೆ ನಿಖರತೆ ಇಳಿಯುತ್ತದೆ. ಎಲ್ಲ ಸೆನ್ಸರ್‌ಗಳನ್ನೂ ಮೊದಲು ಒಂದೇ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಅವು ಒಂದೇ ಅಂಕಿ ಹೇಳುತ್ತವೆಯೇ ಎಂದು ಪರೀಕ್ಷಿಸದೆ ಹೊಲಕ್ಕೆ ಒಯ್ಯಬೇಡಿ. ನಿಮಗೆ ಬೇಕಿರುವುದು ವ್ಯತ್ಯಾಸ, ಆದ್ದರಿಂದ ಸೆನ್ಸರ್‌ಗಳ ಪರಸ್ಪರ ಹೊಂದಾಣಿಕೆ ಅವುಗಳ ಒಂಟಿ ನಿಖರತೆಗಿಂತ ಮುಖ್ಯ. ಹತ್ತು ನಿಮಿಷಕ್ಕೊಮ್ಮೆ ದಾಖಲಾಗುವಂತೆ ಮಾಡಿ, ಜೊತೆಗೆ ಮೂರೂ ಫೇಸ್‌ಗಳ ಕರೆಂಟನ್ನು ಅದೇ ಗಡಿಯಾರಕ್ಕೆ ಹೊಂದಿಸಿ ದಾಖಲಿಸಿ. ಟಾಂಗ್ ಟೆಸ್ಟರ್‌ನಿಂದ (ತಂತಿಯನ್ನು ಸುತ್ತುವರಿದು ಕರೆಂಟ್ ಅಳೆಯುವ ಮೀಟರ್) ದಿನಕ್ಕೊಮ್ಮೆ ನೋಡಿ ಬರೆದುಕೊಂಡ ಕರೆಂಟ್ ಈ ಕೆಲಸಕ್ಕೆ ಸಾಲದು, ಏಕೆಂದರೆ ಈಗಿನ ಎಣ್ಣೆಯ ಬಿಸಿ ಹಿಂದಿನ ನಾಲ್ಕೈದು ಗಂಟೆಗಳ ಕರೆಂಟಿನ ಫಲ.

ಮೂರು ಫೇಸ್ ನಿಂತ ಮೇಲಿನ ದಾಖಲೆಯನ್ನು ಬಿಸಾಡಬೇಡಿ, ನನ್ನ ದೃಷ್ಟಿಯಲ್ಲಿ ಅದು ಇಡೀ ದಾಖಲೆಯಲ್ಲಿ ಅತ್ಯಂತ ಬೆಲೆಯುಳ್ಳ ಭಾಗ. ರಾತ್ರಿ ಲೋಡು ಹೋದ ನಂತರ ಎಣ್ಣೆ ಮತ್ತು ಗಾಳಿಯ ನಡುವಿನ ಅಂತರ ಆರಂಭದ ಮೌಲ್ಯದ ಶೇ 37ಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ. ಅದೇ ನಿಮ್ಮ ಟಿಸಿಯ ಕಾಲ ಸ್ಥಿರಾಂಕ. ಅದು ಮೂರು ಗಂಟೆಗಿಂತ ತೀರಾ ಬೇರೆಯಾಗಿದ್ದರೆ ಎಣ್ಣೆಯ ಮಟ್ಟ ಇಳಿದಿದೆಯೇ, ಕೂಲಿಂಗ್ ಟ್ಯೂಬುಗಳಲ್ಲಿ ಹೂಳು ಕಟ್ಟಿದೆಯೇ ಎಂದು ಅನುಮಾನಿಸಬೇಕು. ಎಣ್ಣೆ ಟ್ಯೂಬುಗಳ ಮೇಲ್ಬಾಯಿಗಿಂತ ಕೆಳಗಿಳಿದರೆ ಅದರ ಸುತ್ತಾಟವೇ ನಿಂತುಹೋಗುತ್ತದೆ. ಹೀಗೆ ಆದ ಟಿಸಿ ಅರ್ಧ ಲೋಡಿನಲ್ಲಿಯೂ ಸುಡಬಹುದು.

ವೈಂಡಿಂಗ್‌ನ ತಾಪಮಾನವನ್ನು ಹೊಲದಲ್ಲಿ ನೇರವಾಗಿ ಅಳೆಯಲಾಗುವುದಿಲ್ಲ, ಆದರೆ ಕಾಲೇಜಿನ ಲ್ಯಾಬಿನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮೇಲೆ ರೋಧ ವಿಧಾನದಿಂದ ಅದನ್ನು ಕಲಿಯಿರಿ. ತಣ್ಣಗಿರುವಾಗಿನ ತಾಪಮಾನಕ್ಕೆ ತಾಮ್ರವಾದರೆ 235, ಅಲ್ಯೂಮಿನಿಯಂ ಆದರೆ 225 ಕೂಡಿಸಿ, ಬಿಸಿ ರೋಧಕ್ಕೂ ತಣ್ಣನೆಯ ರೋಧಕ್ಕೂ ಇರುವ ಅನುಪಾತದಿಂದ ಗುಣಿಸಿ, ಅದೇ ಸಂಖ್ಯೆಯನ್ನು ಮತ್ತೆ ಕಳೆದರೆ ಬಿಸಿಯಾದ ವೈಂಡಿಂಗ್‌ನ ಸರಾಸರಿ ತಾಪಮಾನ ಬರುತ್ತದೆ. 30 ಡಿಗ್ರಿಯಿಂದ ಆರಂಭಿಸಿದ ತಾಮ್ರದ ವೈಂಡಿಂಗ್‌ನ ರೋಧ ಕಾಲು ಭಾಗ ಹೆಚ್ಚಾದರೆ ಅದು 96 ಡಿಗ್ರಿ ಮುಟ್ಟಿದೆ ಎಂದರ್ಥ. ಇಲ್ಲಿ ವಿದ್ಯಾರ್ಥಿಗಳು 96ರಿಂದ 30 ಕಳೆದು ಏರಿಕೆ 66 ಎಂದು ಬರೆದುಬಿಡುತ್ತಾರೆ. ಕಳೆಯಬೇಕಾದದ್ದು ಪರೀಕ್ಷೆ ಮುಗಿದ ಹೊತ್ತಿನ ಗಾಳಿಯ ತಾಪಮಾನ. ಅಷ್ಟರಲ್ಲಿ ಕೋಣೆ 34 ಡಿಗ್ರಿ ಆಗಿದ್ದರೆ ಏರಿಕೆ 62. ಪರೀಕ್ಷೆಯನ್ನು ಯಾವಾಗ ನಿಲ್ಲಿಸಬೇಕು ಎಂಬುದಕ್ಕೂ ನಿಯಮವಿದೆ: ಎಣ್ಣೆಯ ಏರಿಕೆ ಗಂಟೆಗೆ ಒಂದು ಡಿಗ್ರಿಗಿಂತ ಕಡಿಮೆಯಾಗಿ, ಮೂರು ಗಂಟೆ ಹಾಗೆಯೇ ಉಳಿಯಬೇಕು.

ಬುಶಿಂಗ್‌ನ ಲಗ್‌ಗಳನ್ನೂ ಜಂಪರ್‌ಗಳನ್ನೂ (ಹೊರಗಿನ ತಂತಿಗಳು ಟಿಸಿಗೆ ಸೇರುವ ಜೋಡಣೆಗಳು) ಇನ್‌ಫ್ರಾರೆಡ್ ಕ್ಯಾಮೆರಾದಿಂದ ದೂರದಿಂದಲೇ ನೋಡಬಹುದು. ಸೂರ್ಯ ಮುಳುಗಿ ಕೆಲವು ಗಂಟೆ ಕಳೆದ ಮೇಲೆ, ಲೋಡು ಇರುವಾಗ ನೋಡಿ. ಹೊಳೆಯುವ ಲೋಹ ತನ್ನ ಬಿಸಿಯನ್ನು ಕ್ಯಾಮೆರಾಕ್ಕೆ ತೋರಿಸದೆ ಆಕಾಶದ ತಂಪನ್ನು ಪ್ರತಿಫಲಿಸುತ್ತದೆ. ಆದ್ದರಿಂದ ತೋರಿದ ಅಂಕಿಯನ್ನು ನಂಬುವ ಬದಲು ಮೂರು ಫೇಸ್‌ಗಳ ಒಂದೇ ಬಗೆಯ ಜೋಡಣೆಗಳನ್ನು ಪರಸ್ಪರ ಹೋಲಿಸಿ. ಒಂದು ಮಾತ್ರ ಬಿಸಿಯಾಗಿದ್ದರೆ ಅದು ಸಡಿಲವಾಗಿರುವ ಸಾಧ್ಯತೆ ಹೆಚ್ಚು.

ಪ್ರಕೃತಿ ಟಿಸಿಯನ್ನು ಕಾಡುವ ಇನ್ನೊಂದು ದಾರಿಯನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಎಣ್ಣೆ ಪ್ರತಿ ಡಿಗ್ರಿಗೆ ತನ್ನ ಗಾತ್ರದ ಹತ್ತು ಸಾವಿರದಲ್ಲಿ ಏಳು ಭಾಗದಷ್ಟು ಹಿಗ್ಗುತ್ತದೆ. ನೂರು ಲೀಟರ್ ಎಣ್ಣೆ ದಿನಕ್ಕೆ 50 ಡಿಗ್ರಿ ಏರಿ ಇಳಿದರೆ ಮೂರೂವರೆ ಲೀಟರ್ ಗಾಳಿ ಬ್ರೀದರ್ (ಟಿಸಿಯ ಉಸಿರಾಟದ ಕೊಳವೆ) ಮೂಲಕ ಹೊರಹೋಗಿ ಒಳಬರುತ್ತದೆ. ಬ್ರೀದರ್‌ನಲ್ಲಿ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ನೀಲಿ ಬಣ್ಣ ಕಳೆದುಕೊಂಡು ಗುಲಾಬಿಯಾಗಿದ್ದರೆ, ಮುಂಗಾರಿನ ಮೊದಲ ಮಳೆಯಲ್ಲಿ ಟ್ಯಾಂಕು ತಟ್ಟನೆ ತಣ್ಣಗಾದಾಗ ಒಳಗೆ ಹೋಗುವುದು ತೇವದ ಗಾಳಿ. ಕಾಗದದಲ್ಲಿ ತೇವ ಹೆಚ್ಚಿದಷ್ಟೂ ಅದೇ ತಾಪಮಾನದಲ್ಲಿ ಸವೆತ ಹೆಚ್ಚುತ್ತದೆ. ಹೀಗೆ ಬೇಸಿಗೆಯಲ್ಲಿ ಬಳಲಿದ ಟಿಸಿ ಮಳೆಗಾಲದಲ್ಲಿ ಹೋಗುವುದೂ ಉಂಟು. ಸಿಡಿಲು, ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸ್‌ಗೆ ಕಟ್ಟಿದ ದಪ್ಪ ತಂತಿ, ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನಿನ ಶಾರ್ಟ್ ಇವೂ ಟಿಸಿಯನ್ನು ಸುಡುತ್ತವೆ. ನಿಮ್ಮ ದಾಖಲೆಯಲ್ಲಿ ತಾಪಮಾನ ಮಿತಿಯೊಳಗಿದ್ದೂ ಟಿಸಿ ಸುಟ್ಟರೆ ಕಾರಣವನ್ನು ಅಲ್ಲಿ ಹುಡುಕಬೇಕು.

ಲೋಡಿನ ಪಾಲೇ ದೊಡ್ಡದೆಂದು ನಿಮ್ಮ ಅಳತೆ ತೋರಿಸಿದರೆ ರೈತರ ಕೈಯಲ್ಲಿಯೇ ಇರುವ ಒಂದು ಪರಿಹಾರವನ್ನೂ ವರದಿಯಲ್ಲಿ ಲೆಕ್ಕ ಹಾಕಿ ತೋರಿಸಿ. ಪ್ರತಿ ಪಂಪ್‌ಗೆ ತಕ್ಕ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8ರಿಂದ 0.95ಕ್ಕೆ ಏರಿದರೆ ಕರೆಂಟ್ ಸುಮಾರು ಶೇ 16ರಷ್ಟು ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಇದರಿಂದ ಅತಿ ಬಿಸಿ ಬಿಂದು 126ರಿಂದ 108 ಡಿಗ್ರಿಗೆ ಬರುತ್ತದೆ, ಸವೆತ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒಂದು ಪಂಪನ್ನೂ ನಿಲ್ಲಿಸದೆ ಇಷ್ಟು ಲಾಭ ಸಿಗುತ್ತದೆ ಎಂಬುದನ್ನು ಊರಿನ ಸಭೆಯಲ್ಲಿ ಅಂಕಿಗಳೊಂದಿಗೆ ಹೇಳಿದರೆ ಜನ ಕೇಳುತ್ತಾರೆ.

ಭೂಮಿಯ ಬಿಸಿಯ ಬಗ್ಗೆ ನಿಮ್ಮ ಕೊನೆಯ ಪ್ರಶ್ನೆ. ಕೇಂದ್ರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನದ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. ಸಣ್ಣ ಅಂಕಿ ಎನಿಸಬಹುದು. ಆದರೆ 6 ಡಿಗ್ರಿಗೆ ದುಪ್ಪಟ್ಟು ಎಂಬ ನಿಯಮದಲ್ಲಿ ಇಟ್ಟರೆ, ಬೇರೇನೂ ಬದಲಾಗದಿದ್ದರೂ, ಕಾಗದದ ಸವೆತ ಶೇ 8ರಷ್ಟು ಹೆಚ್ಚುತ್ತದೆ, ಅದೂ ದೇಶದ ಎಲ್ಲ ಟಿಸಿಗಳಲ್ಲಿ, ವರ್ಷವಿಡೀ. ನಿಮ್ಮ ಒಂದು ಟಿಸಿಯ ಒಂದು ಬೇಸಿಗೆಯ ಸುಡುವಿಕೆಗೆ ಅದನ್ನು ಕಾರಣವೆಂದು ಹೇಳಲಾಗದು, ಅಲ್ಲಿ ಲೋಡಿನ ನಲವತ್ತು ಪಟ್ಟಿನ ಎದುರು ಈ ಶೇ 8 ಕಾಣಿಸುವುದೇ ಇಲ್ಲ. ಹಾಗೆಯೇ, ಒಂದು ಬೇಸಿಗೆಯ ದಾಖಲೆಯಿಂದ ಹವಾಮಾನ ಬದಲಾಗಿದೆ ಎಂದೂ ತೀರ್ಮಾನಿಸಲಾಗದು. ಹವಾಮಾನದ ಸರಾಸರಿಯನ್ನು ಕಟ್ಟುವುದು ಮೂವತ್ತು ವರ್ಷಗಳ ಅಂಕಿಗಳಿಂದ. ರಾಯಚೂರಿನ ಹಳೆಯ ಅಂಕಿಗಳಿಗಾಗಿ ಪುಣೆಯಲ್ಲಿರುವ ಹವಾಮಾನ ಇಲಾಖೆಯ ದತ್ತಾಂಶ ವಿಭಾಗಕ್ಕೆ ಕಾಲೇಜಿನ ಮೂಲಕ ಬರೆಯಿರಿ. ಗರಿಷ್ಠದ ಜೊತೆಗೆ ರಾತ್ರಿಯ ಕನಿಷ್ಠವನ್ನೂ ತಪ್ಪದೆ ಕೇಳಿ, ಏಕೆಂದರೆ ಏಳು ಗಂಟೆ ದುಡಿದ ಟಿಸಿ ಮರುದಿನದ ಹೊತ್ತಿಗೆ ಎಷ್ಟು ತಣ್ಣಗಾಗಿರುತ್ತದೆ ಎಂಬುದು ಆ ಕನಿಷ್ಠವನ್ನೇ ಅವಲಂಬಿಸಿದೆ.

ಕೆಲಸ ಆರಂಭಿಸುವ ಮುನ್ನ ಕಾಲೇಜಿನ ಪತ್ರದೊಂದಿಗೆ ವಿದ್ಯುತ್ ಕಂಪನಿಯ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರ ಲಿಖಿತ ಅನುಮತಿ ಪಡೆಯಿರಿ. ಸೆನ್ಸರ್ ಅಂಟಿಸುವುದೂ ಕರೆಂಟ್ ಅಳೆಯುವ ಕಾಯಿಲ್ ತೊಡಿಸುವುದೂ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿರುವ ಒಪ್ಪಿಗೆ) ತೆಗೆದುಕೊಂಡು, ಎಬಿ ಸ್ವಿಚ್ (ಲೈನನ್ನು ಬೇರ್ಪಡಿಸುವ ಕಂಬದ ಸ್ವಿಚ್) ಬಿಡಿಸಿ, ಡಿಸ್ಚಾರ್ಜ್ ರಾಡ್ (ತಂತಿಯನ್ನು ಭೂಮಿಗೆ ಜೋಡಿಸುವ ಕೋಲು) ಹಾಕಿದ ಮೇಲೆ ಅವರ ಕೈಯಿಂದಲೇ ಆಗಬೇಕು. ಅವರು ಎಷ್ಟೇ ಪರಿಚಿತರಾಗಿದ್ದರೂ, ಎಷ್ಟೇ ಸಣ್ಣ ಕೆಲಸವಾಗಿದ್ದರೂ ನೀವು ಕಂಬ ಹತ್ತಬಾರದು. ದಾಖಲಿಸುವ ಪೆಟ್ಟಿಗೆಯನ್ನು ನೆಲದಲ್ಲಿ ನಿಂತೇ ತೆರೆಯುವಂತೆ ಬೇಲಿಯ ಹೊರಗೆ ಇಡಿಸಿ.